ಅಲರ್ಟ್ ಕಂಡರೆ ಸಾಲದು, ಯಾರಾದರೂ ಏಳಬೇಕು

ಶಿರಸಿ, ಕುಮಟಾ, ಕಾರವಾರದ ಕಡೆ ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಸೈಬರ್ ಸೆಕ್ಯುರಿಟಿಗೆ ಯಾವ ಕೋರ್ಸ್ ಮಾಡ್ಲಿ?" ನಾನಿರುವುದು ದೊಡ್ಡ ರಿಟೇಲ್ ಕಂಪನಿಯೊಂದರ ಸೆಕ್ಯುರಿಟಿ ತಂಡದಲ್ಲಿ. ಕೋರ್ಸಿನ ಮಾತು ಆಮೇಲೆ, ಮೊದಲು ಪೇಟೆಯ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ ಅನ್ನುತ್ತೇನೆ. ಸ್ಕ್ಯಾನರ್, ಕಾರ್ಡ್ ಉಜ್ಜುವ ಯಂತ್ರ, ಕ್ಯೂಆರ್ ಕೋಡ್, ತೂಕದ ಯಂತ್ರ, ಹಿಂದುಗಡೆ ಗೋದಾಮಿನ ಲೆಕ್ಕ, ಫ್ರೀಜರ್ ರಿಪೇರಿಗೆ ಬರುವ ಗುತ್ತಿಗೆದಾರ. ನಾವು ಕಾಯಬೇಕಾದದ್ದು ಇಷ್ಟನ್ನೂ.

ಗುತ್ತಿಗೆದಾರನ ಹೆಸರು ಸುಮ್ನೆ ತೆಗೆಯಲಿಲ್ಲ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಅನ್ನುವ ರಿಟೇಲ್ ಕಂಪನಿಗೆ ಕನ್ನ ಹಾಕಿದವರು ಒಳಗೆ ಬಂದದ್ದು ಎಸಿ, ಫ್ರೀಜರ್ ಕೆಲಸದ ಗುತ್ತಿಗೆ ಕಂಪನಿಯ ಲಾಗಿನ್ ಕದ್ದು. ಅಲ್ಲಿಂದ ಬಿಲ್ಲಿಂಗ್ ಯಂತ್ರಗಳಿಗೆ ಹೋದರು. ಕಾರ್ಡ್ ಉಜ್ಜಿದಾಗ ಅದರ ವಿವರ ಒಂದು ಕ್ಷಣ ಯಂತ್ರದ ಮೆಮೊರಿಯಲ್ಲಿ ಬೀಗವಿಲ್ಲದೆ ಬಿದ್ದಿರುತ್ತಿತ್ತು. ಅದನ್ನೇ ಎತ್ತಿಕೊಂಡರು. ಹೋದದ್ದು ಸುಮಾರು 4 ಕೋಟಿ ಕಾರ್ಡುಗಳ ವಿವರ. ಆದರೆ ನನ್ನನ್ನು ಜಾಸ್ತಿ ಕಾಡುವುದು ಬೇರೆಯೇ ಸಂಗತಿ. ಕಳ್ಳತನ ನಡೆಯುತ್ತಿರುವಾಗಲೇ ಅಲರ್ಟ್ ಬಂದಿತ್ತು. ಟಾರ್ಗೆಟ್‌ನದೇ ಬೆಂಗಳೂರಿನ ತಂಡ ಅದನ್ನು ನೋಡಿ ಅಮೆರಿಕದ ಮುಖ್ಯ ಕಚೇರಿಗೆ ದಾಟಿಸಿಯೂ ಇತ್ತು ಎಂದು ಆಮೇಲೆ ವರದಿಯಾಯಿತು. ಅಲ್ಲಿ ಯಾರೂ ಏಳಲಿಲ್ಲ.

ಹಾಗಾಗಿ ಈ ಕೆಲಸದಲ್ಲಿ ಮೇಲೆ ಬರುವವರು ಹ್ಯಾಕಿಂಗ್ ಬಲ್ಲವರಷ್ಟೇ ಅಲ್ಲ, ಬೇರೆಯವರನ್ನು ಎಬ್ಬಿಸಬಲ್ಲವರು. ಶುರುವಾಗುವುದು ಸಾಮಾನ್ಯವಾಗಿ ಸಾಕ್ ಅನ್ನುವ ಕಾವಲು ಕೋಣೆಯಲ್ಲಿ, ಎಲ್1, ಅಂದರೆ ಮೊದಲ ಹಂತದ ಅನಲಿಸ್ಟ್ ಆಗಿ, ಶಿಫ್ಟಿನಲ್ಲಿ. ರಾತ್ರಿ ಎರಡಕ್ಕೆ ಯಾವುದೋ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಗುರುತಿಲ್ಲದ ವಿಳಾಸಕ್ಕೆ ಡೇಟಾ ಕಳಿಸುತ್ತಿದೆ ಅಂತ ಅಲರ್ಟ್ ಬರುತ್ತದೆ ಅನ್ನಿ. ಹೆಚ್ಚಿನ ಸಲ ಅದು ಯಾವುದೋ ಅಪ್‌ಡೇಟ್ ಆಗಿರುತ್ತದೆ, ನಿಜ. ಒಬ್ಬ ಮಾಣಿ "ಅನುಮಾನಾಸ್ಪದ ಟ್ರಾಫಿಕ್, ದಯವಿಟ್ಟು ಪರಿಶೀಲಿಸಿ" ಅಂತ ಟಿಕೆಟ್, ಅಂದರೆ ದೂರಿನ ಚೀಟಿ, ಬರೆದು ಚಹಾಕ್ಕೆ ಹೋಗುತ್ತಾನೆ. ಇನ್ನೊಬ್ಬಳು ಬರೆಯುತ್ತಾಳೆ: "ಮೂರನೇ ಕೌಂಟರ್. ಅಂಗಡಿ ಮುಚ್ಚಿದ ಮೇಲೆ ಶುರುವಾಗಿದೆ. ಪಕ್ಕದ ಕೌಂಟರುಗಳಲ್ಲಿ ಇಲ್ಲ, ಈ ದಿನ ಅಪ್‌ಡೇಟ್ ಕೂಡ ಇರಲಿಲ್ಲ. ಬಾಗಿಲು ತೆಗೆಯುವುದರೊಳಗೆ ಇದೊಂದನ್ನು ನೆಟ್‌ವರ್ಕಿನಿಂದ ಬಿಡಿಸಿ, ಆಫ್ ಮಾಡಬೇಡಿ. ಉಳಿದ ಕೌಂಟರುಗಳಲ್ಲಿ ವ್ಯಾಪಾರ ನಡೆಯುತ್ತದೆ." ಆಫ್ ಮಾಡಿದರೆ ಮೆಮೊರಿಯಲ್ಲಿದ್ದ ಸಾಕ್ಷಿ ಅಳಿಸಿಹೋಗುತ್ತದೆ, ಅದು ಆಕೆಗೆ ಗೊತ್ತು. ಎಲ್2 ಜಾಗ ಖಾಲಿಯಾದಾಗ ಯಾರನ್ನು ಕರೆಯುತ್ತಾರೆ, ಹೇಳಬೇಕಾ?

ಅಲ್ಲಿಂದ ದಾರಿ ಕವಲೊಡೆಯುತ್ತದೆ. ಅಲರ್ಟಿನ ನಿಯಮ ಬರೆಯುವವರು, ಆ್ಯಪ್ ಪರೀಕ್ಷಿಸುವವರು, ಕ್ಲೌಡ್ ನೋಡಿಕೊಳ್ಳುವವರು, ಕಾರ್ಡ್ ಭದ್ರತೆಯ ಪಿಸಿಐ ನಿಯಮಗಳ ಹಿಂದೆ ಬೀಳುವವರು. ಕೊನೆಯದು ಬೋರು ಅಂತ ಎಲ್ಲರೂ ದೂರ ಓಡುತ್ತಾರೆ, ಅದಕ್ಕೇ ಅಲ್ಲಿ ಬೆಲೆ ಇದೆ. ನಮ್ಮಲ್ಲೂ ನಿಯಮ ಬಿಗಿಯಾಗುತ್ತಿವೆ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗಿರಾಕಿಯ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಟೋಕನ್ ಅನ್ನುವ ಸಂಕೇತ ಮಾತ್ರ. ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು.

ರಿಟೇಲಿನಲ್ಲಿ ಇನ್ನೊಂದು ತಲೆನೋವು ಸೀಸನ್. ಹಬ್ಬದ ಮಾರಾಟ ಹತ್ತಿರ ಬಂದರೆ ಸಿಸ್ಟಮ್‌ಗಳಿಗೆ ಕೈ ಹಚ್ಚಲು ಬಿಡುವುದಿಲ್ಲ. ಮಾರಿಕಾಂಬಾ ಜಾತ್ರೆ ನಡೆಯುವಾಗ ಅಂಗಡಿಯವನು ತಕ್ಕಡಿಯನ್ನು ರಿಪೇರಿಗೆ ಕೊಡ್ತಾನಾ? ಹಾಗೇ ಇದು. ಸಾಫ್ಟ್‌ವೇರಿನ ತೂತು ಮುಚ್ಚುವ ಪ್ಯಾಚ್ ಹಾಕುವುದಿದ್ದರೆ ಮೊದಲೇ ಜಗಳ ಆಡಿ ಮುಗಿಸಿಕೊಳ್ಳಬೇಕು.

ಕೋರ್ಸ್ ಕೇಳಿದಿರಲ್ಲ: ನೆಟ್‌ವರ್ಕಿಂಗ್, ಲಿನಕ್ಸ್, ಒಂದಿಷ್ಟು ಪೈಥಾನ್. ಸೆಕ್ಯುರಿಟಿ ಪ್ಲಸ್ ಅನ್ನುವ ಸರ್ಟಿಫಿಕೇಟ್ ಇದ್ದರೆ ಇಂಟರ್‌ವ್ಯೂ ತನಕ ಹೋಗಲು ಸಹಾಯ. ಲಕ್ಷ ರೂಪಾಯಿಯ ಹ್ಯಾಕಿಂಗ್ ಕೋರ್ಸಿಗೆ ಅಪ್ಪನ ಅಡಿಕೆ ದುಡ್ಡು ಸುರಿಯಬೇಡಿ. ಮನೆಯಿಂದಲೇ ಕೆಲಸ ಸಿಗುತ್ತಾ ಅಂತಲೂ ಕೇಳುತ್ತಾರೆ. ಟಾರ್ಗೆಟ್, ವಾಲ್‌ಮಾರ್ಟ್, ಟೆಸ್ಕೊ, ಎಲ್ಲದರ ಭಾರತದ ದೊಡ್ಡ ಕಚೇರಿ ಇರುವುದು ಬೆಂಗಳೂರಿನಲ್ಲಿ. ಮೊದಲ ಕೆಲವು ವರ್ಷ ಅಲ್ಲೇ ಇದ್ದು, ಹಳಬರ ಪಕ್ಕ ಕೂತು ಕಲಿಯುವುದು ಒಳ್ಳೆಯದು. ಆಮೇಲೆ ಊರಿಗೆ ಬಂದರೂ ಮಳೆಗಾಲಕ್ಕೆ ಇನ್ವರ್ಟರ್, ಎರಡು ಬೇರೆ ಬೇರೆ ಇಂಟರ್ನೆಟ್ ಕನೆಕ್ಷನ್ ಬೇಕೇ ಬೇಕು.