ಕ್ಯಾಲಹನ್ ನೌಕಾಪಡೆಯವರೋ, ತೆರಿಗೆ ಇಲಾಖೆಯವರೋ?

ಪ್ರಶ್ನೆ: ಬ್ರಿಟನ್ನಿನ ಪ್ರಧಾನಿಯಾಗಿದ್ದ ಜೇಮ್ಸ್ ಕ್ಯಾಲಹನ್ ನೌಕಾಧಿಕಾರಿ ಎಂದು ಒಂದು ಕಡೆ, ತೆರಿಗೆ ಇಲಾಖೆಯ ಗುಮಾಸ್ತ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ನೌಕಾಪಡೆಯನ್ನೇ ವೃತ್ತಿಯಾಗಿ ಹಿಡಿದವರು ಅವರ ತಂದೆ. ಚೀಫ್ ಪೆಟ್ಟಿ ಆಫೀಸರ್ (ನಾವಿಕರಲ್ಲಿ ಹಿರಿಯ ದರ್ಜೆ) ಆಗಿದ್ದ ಅವರು 1921ರಲ್ಲಿ ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ಮಗ 1929ರಲ್ಲಿ ತೆರಿಗೆ ಇಲಾಖೆ ಸೇರಿ, 1936ರಿಂದ ಅಲ್ಲಿನ ನೌಕರರ ಸಂಘದಲ್ಲಿ ಪೂರ್ಣಾವಧಿ ಕೆಲಸಕ್ಕೆ ನಿಂತರು.

ಗೊಂದಲ ಹುಟ್ಟುವುದು ಮಗ ಮುಂದೆ ಅಧಿಕಾರಿಯಾದ ಮೀಸಲು ನೌಕಾಪಡೆಯ (ಯುದ್ಧ ಬಂದಾಗ ಕರೆಸಿಕೊಳ್ಳುವ ಪಡೆ) ವಿಚಾರದಲ್ಲಿ. ಆಗ ಬ್ರಿಟನ್ನಿನಲ್ಲಿ ಅಂಥವು ಎರಡಿದ್ದವು. 1859ರ ರಾಯಲ್ ನೇವಲ್ ರಿಸರ್ವ್, ವ್ಯಾಪಾರಿ ಹಡಗುಗಳಲ್ಲಿ ಪಳಗಿದ ನಾವಿಕರದು. 1903ರ ವಾಲಂಟಿಯರ್ ರಿಸರ್ವ್‌ಗೆ ವಕೀಲ, ಮೇಷ್ಟ್ರು, ಗುಮಾಸ್ತ ಯಾರಾದರೂ ಬರಬಹುದಿತ್ತು. ಗುರುತು ತೋಳಿನಲ್ಲೇ ಸಿಗುತ್ತಿತ್ತು: ಕಾಯಂ ಅಧಿಕಾರಿಗೆ ನೇರ ಚಿನ್ನದ ಪಟ್ಟಿ, ವಾಲಂಟಿಯರ್‌ಗೆ ಅಲೆಯಂತೆ ಬಳುಕಿದ ಪಟ್ಟಿ. ಜನ ಇವರನ್ನು ‘ವೇವಿ ನೇವಿ’ ಎಂದು ಛೇಡಿಸುತ್ತಿದ್ದರು. 1958ರಲ್ಲಿ ಎರಡೂ ಒಂದಾದವು.

ಕ್ಯಾಲಹನ್ ಎರಡನೇ ಮಹಾಯುದ್ಧದಲ್ಲಿ ಸೇರಿದ್ದು ಸಾಮಾನ್ಯ ನಾವಿಕನಾಗಿ. ಬಡ್ತಿಗೆ ತಯಾರಾಗುತ್ತಿದ್ದಾಗ ಕ್ಷಯ ಪತ್ತೆಯಾಯಿತು. ಗಾಸ್‌ಪೋರ್ಟ್‌ನ ಹ್ಯಾಸ್ಲರ್ ನೌಕಾ ಆಸ್ಪತ್ರೆ ಸೇರಬೇಕಾಯಿತು. ಗುಣವಾದ ಮೇಲೆ ಸಿಕ್ಕಿದ್ದು ಲಂಡನ್ನಿನ ನೌಕಾ ಕಚೇರಿಯಲ್ಲಿ ಮೇಜಿನ ಕೆಲಸ: ಜಪಾನ್ ಬಗ್ಗೆ ಸಿಬ್ಬಂದಿಗಾಗಿ ಕೈಪಿಡಿ ಬರೆಯುವುದು. ಮುಂದೆ ವಾಲಂಟಿಯರ್ ಅಧಿಕಾರಿಯಾಗಿ, ಲೆಫ್ಟಿನೆಂಟ್ ದರ್ಜೆಗೇರಿ, ಹಿಂದೂ ಮಹಾಸಾಗರದ ಈಸ್ಟ್ ಇಂಡೀಸ್ ನೌಕಾದಳದಲ್ಲಿದ್ದರು.

ಸಮವಸ್ತ್ರದಲ್ಲಿದ್ದುಕೊಂಡೇ ಚುನಾವಣೆಗೆ ನಿಂತದ್ದು ಹೇಗೆ ಎಂದೂ ಕೆಲವರು ಕೇಳುತ್ತಾರೆ. ರಜೆಯಲ್ಲಿ ಬಂದಾಗ ವೇಲ್ಸ್‌ನ ಕಾರ್ಡಿಫ್ ಸೌತ್ ಕ್ಷೇತ್ರದ ಲೇಬರ್ ಪಕ್ಷ ಅವರನ್ನು ಅಭ್ಯರ್ಥಿಯಾಗಿ ಆರಿಸಿತು, ಅದೂ ಕೂದಲೆಳೆಯ ಅಂತರದಲ್ಲಿ: ಅವರಿಗೆ 12 ಮತ, ಜಾರ್ಜ್ ಥಾಮಸ್‌ಗೆ 11. (ಪಕ್ಕದ ಕಾರ್ಡಿಫ್ ಸೆಂಟ್ರಲ್‌ನಿಂದ ಗೆದ್ದ ಇದೇ ಥಾಮಸ್, ಕ್ಯಾಲಹನ್ ಪ್ರಧಾನಿಯಾದಾಗ ಕಾಮನ್ಸ್ ಸಭೆಯ (ಸಂಸತ್ತಿನ ಕೆಳಮನೆ) ಸ್ಪೀಕರ್!) ಯುರೋಪಿನಲ್ಲಿ ಯುದ್ಧ ಮುಗಿದಾಗ ಕ್ಯಾಲಹನ್ ‘ಕ್ವೀನ್ ಎಲಿಜಬೆತ್’ ಯುದ್ಧನೌಕೆಯಲ್ಲಿದ್ದರು. ಅವರಂತೆ ಸೇನೆಯಲ್ಲಿದ್ದ ಇತರ ಅಭ್ಯರ್ಥಿಗಳೂ ಊರಿಗೆ ಮರಳಿದರು. 1945ರ ಜುಲೈ 5ರಂದು ಮತದಾನ. ದೂರದೇಶದಲ್ಲಿದ್ದ ಸೈನಿಕರ ಮತಗಳು ಬಂದು ಸೇರಬೇಕಾದ್ದರಿಂದ ಫಲಿತಾಂಶ ಬಂದದ್ದು 26ರಂದು. ಕ್ಯಾಲಹನ್ ಆರಾಮಾಗಿ ಗೆದ್ದರು.

ಆಮೇಲೆ ಲೇಬರ್ ಪ್ರಧಾನಿ ಆಟ್ಲಿ ಅವರ ಸರ್ಕಾರದಲ್ಲಿ 1950–51ರಲ್ಲಿ ನೌಕಾ ಇಲಾಖೆಯ ಕಿರಿಯ ಮಂತ್ರಿ. ಮುಂದೆ ಹಣಕಾಸು, ಗೃಹ, ವಿದೇಶಾಂಗ ಖಾತೆಗಳು. 1976ರಿಂದ 1979ರವರೆಗೆ ಪ್ರಧಾನಿ. ಈ ನಾಲ್ಕೂ ಹುದ್ದೆ ಕಂಡವರು ಅವರೊಬ್ಬರೇ. ರಾಯಲ್ ನೇವಿಯಲ್ಲಿ ದುಡಿದ ಏಕೈಕ ಬ್ರಿಟಿಷ್ ಪ್ರಧಾನಿಯೂ ಅವರೇ.

ಯುದ್ಧಕಾಲದ ಆ ಕೆಲವೇ ವರ್ಷಗಳ ನಂಟು ಆಡಳಿತದಲ್ಲೂ ಕಾಣುತ್ತದೆ. ಹಡಗುಗಳು ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆಯನ್ನು ಪ್ರಧಾನಿಯಾಗಿ ವಾರವಾರವೂ ತರಿಸಿಕೊಳ್ಳುತ್ತಿದ್ದರು. 1977ರ ನವೆಂಬರ್‌ನಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟನ್ನಿನ ಕೈಯಲ್ಲಿದ್ದ ಫಾಕ್‌ಲ್ಯಾಂಡ್ಸ್ ದ್ವೀಪಗಳ ಮೇಲೆ ಅರ್ಜೆಂಟೀನಾ ಕೈಹಾಕಬಹುದೆಂಬ ಸಂಶಯ ಬಂದಾಗ, ಅಣುಶಕ್ತಿ ಜಲಾಂತರ್ಗಾಮಿ ‘ಡ್ರೆಡ್‌ನಾಟ್’ ಮತ್ತು ಎರಡು ಫ್ರಿಗೇಟ್ ಯುದ್ಧನೌಕೆಗಳನ್ನು ಗುಟ್ಟಾಗಿ ಕಳಿಸಿದರು. ಆ ಸುದ್ದಿ ಅರ್ಜೆಂಟೀನಾದವರ ಕಿವಿಗೆ ಬಿದ್ದಿತ್ತೇ ಎಂಬುದು ಇಂದಿಗೂ ಚರ್ಚೆಯಲ್ಲಿದೆ.