ಕರಾವಳಿಯ ಬೀಗ ಹಾಕಿದ ಮನೆಗಳು

ಗೋಕರ್ಣದಿಂದ ಪಡುಬಿದ್ರಿವರೆಗೆ ಕಡಲ ಬದಿಯ ಯಾವ ಊರಲ್ಲಿ ಜಾಗದ ದರ ವಿಚಾರಿಸಿದರೂ ಬ್ರೋಕರ್ ಮೊದಲು ತಾನೇ ನಾಲ್ಕು ಪ್ರಶ್ನೆ ಕೇಳುತ್ತಾನೆ. ಕನ್ವರ್ಷನ್ (ಕೃಷಿಯಿಂದ ಕೃಷಿಯೇತರಕ್ಕೆ ಬದಲಾವಣೆ) ಆದದ್ದೇ ಬೇಕೋ, ಕೃಷಿ ಜಾಗವಾದರೂ ಆದೀತೋ? ಪೂರ್ತಿ ಪಟ್ಟಾ ಇರಬೇಕೋ, ಬದಿಯ ಸರ್ಕಾರಿ ಜಾಗ ಸ್ವಲ್ಪ ಸೇರಿದ್ದರೂ ನಡೆಯುತ್ತದೋ? ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೋ, ಹೊರಗೋ? ಹಳೇ ಮನೆ ನಂಬರ್ ಇರಬೇಕೋ? ಇಷ್ಟು ಇತ್ಯರ್ಥವಾದ ಮೇಲೆ ದರ. ಒಂದೇ ತೆಂಗಿನ ತೋಟದ ಎರಡು ತುದಿಗೆ ಎರಡು ದರ ಇರುವುದು ಇದರಿಂದಲೇ. ವಾರಾಂತ್ಯಕ್ಕೊಂದು ಮನೆ ಇರಲಿ ಎಂದು ಬೆಂಗಳೂರಿನಿಂದ ಬಂದವರಿಗೆ ಇದು ಗೋಜಲು. ಊರವರಿಗೂ ಈಚೆಗೆ ಗೋಜಲೇ. ಒಂದೊಂದು ಪ್ರಶ್ನೆಯೂ ಒಂದೊಂದು ಕಾಲದಲ್ಲಿ ಹುಟ್ಟಿ, ಹಿಂದಿನದರ ಮೇಲೆ ಪೇರಿಕೊಂಡು ಬಂದಿದೆ.

ಅಳತೆಯಿಂದಲೇ ಶುರುಮಾಡಬಹುದು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಭಟ್ಕಳದಿಂದ ಆಚೆ ಜಾಗ ಗುಂಟೆಯ ಲೆಕ್ಕ, ಬೈಂದೂರಿನಿಂದ ಈಚೆ ಸೆಂಟ್ಸಿನ ಲೆಕ್ಕ. ಎಕರೆಗೆ 40 ಗುಂಟೆ ಅಥವಾ 100 ಸೆಂಟ್ಸ್. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್, 1,089 ಚದರಡಿ. ದರ ಹೋಲಿಸುವಾಗ ಮೊದಲು ಎಡವುವುದು ಇಲ್ಲೇ. ಸರ್ಕಾರಿ ಜಾಗದ ಹೆಸರೂ ಬೇರೆ ಬೇರೆ. ದಕ್ಷಿಣದಲ್ಲಿ ವರ್ಗ (ಸ್ವಂತ ಪಟ್ಟಾ) ಜಾಗದ ಬೆನ್ನಿಗೆ ಕುಮ್ಕಿ ಇದ್ದರೆ ಉತ್ತರದಲ್ಲಿ ಬೆಟ್ಟ, ಹಾಡಿ. ಸೊಪ್ಪು, ಸೌದೆ, ದರಕು ತರುವ ಹಕ್ಕು ಪಕ್ಕದ ಹಿಡುವಳಿದಾರನಿಗೆ ಇದೆ, ಜಾಗ ಸರ್ಕಾರದ್ದು. ಮಾರುವವರು ಬೇಲಿಯ ಒಳಗಿನದ್ದನ್ನೆಲ್ಲ ಕೈಬೀಸಿ ತೋರಿಸುತ್ತಾರೆ. ಕ್ರಯಪತ್ರಕ್ಕೆ ಬರುವುದು ಪಹಣಿಯಲ್ಲಿರುವಷ್ಟು ಮಾತ್ರ.

ಕರಾವಳಿಯ ಮೊದಲ 'ಎರಡನೇ ಮನೆ'ಗಳು ಕೊಂಡವಲ್ಲ, ಬಿಟ್ಟುಹೋದವು. ಹೋಟೆಲು, ಬ್ಯಾಂಕು, ಗಿರಣಿ ಎಂದು ಮುಂಬೈಗೆ ಹೋದವರ ಮನೆಗಳವು. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಮರದ ಪಕ್ಕಾಸು, ರೀಪು. ಕೀಲಿಕೈ ಪಕ್ಕದ ಮನೆಯಲ್ಲಿ. ಮಳೆಗೆ ಮುಂಚೆ ಯಾರನ್ನಾದರೂ ಮಾಡಿಗೆ ಹತ್ತಿಸಿ ಒಡೆದ ಹಂಚು ಬದಲಿಸಿದರೆ ವರ್ಷ ಕಳೆಯಿತು. ಮೇ ತಿಂಗಳಲ್ಲಿ, ಕೋಲಕ್ಕೆ, ಮದುವೆಗೆ ಬಾಗಿಲು ತೆರೆಯುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಇನ್ನೂ ಒಂದೆರಡು ಸಲ ಹೆಚ್ಚು ತೆರೆಯಿತು, ಅಷ್ಟೆ. ಈ ಮನೆಗಳಿಗೆ ಮಾರುಕಟ್ಟೆ ಎಂಬುದೇ ಇರಲಿಲ್ಲ. ತಾಯಿಯ ಕಡೆಯಿಂದ ಆಸ್ತಿ ಹರಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಒಂದು ಮನೆಗೆ ಮೂವತ್ತು ಪಾಲುದಾರರಿದ್ದರೂ ಸೋಜಿಗವಿಲ್ಲ. ಅವರೆಲ್ಲರ ರುಜು ಒಂದೇ ಕಾಗದದ ಮೇಲೆ ಬೀಳಬೇಕಿತ್ತು.

1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ಕೊಟ್ಟು ಉಳುಮೆಯ ಜಾಗದ ಒಡೆಯನಾದ. ಕರಾವಳಿಯಷ್ಟು ಗಟ್ಟಿಯಾಗಿ ಇದು ನಡೆದ ಕಡೆ ರಾಜ್ಯದಲ್ಲಿ ಕಡಿಮೆ. ಆದರೆ ಇಂದಿನ ಕಥೆಗೆ ಬೇಕಾದದ್ದು ಅದೇ ಕಾಯ್ದೆಯ 79ಎ ಮತ್ತು 79ಬಿ. ಕೃಷಿಯೇತರ ವರಮಾನ ಮಿತಿ ಮೀರಿದವರು, ಸ್ವತಃ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಕೊಂಡರೆ ಜಮೀನು ಸರ್ಕಾರಕ್ಕೆ. ವರಮಾನದ ಮಿತಿ ಬಹುಕಾಲ 2 ಲಕ್ಷ ರೂಪಾಯಿಯಲ್ಲಿ ನಿಂತಿತ್ತು, 2015ರಲ್ಲಿ 25 ಲಕ್ಷಕ್ಕೆ ಏರಿತು. ಅಷ್ಟರಲ್ಲಿ ಕಾನೂನಿನ ಬದಿಯಲ್ಲೇ ಒಂದು ಕಾಲುದಾರಿ ಸವೆದು ರಸ್ತೆಯಾಗಿತ್ತು.

ಆ ಕಾಲುದಾರಿಯಲ್ಲಿ ಮೂರು ಬಗೆ. ಮೊದಲನೆಯದು ಊರಿನ ಕೃಷಿಕನೊಬ್ಬನ ಹೆಸರಲ್ಲಿ ಕೊಳ್ಳುವುದು. ದುಡ್ಡು ಪೇಟೆಯವರದ್ದು, ಪಹಣಿ ಊರವನದ್ದು. ಆತ ಇರುವವರೆಗೆ ತಕರಾರಿಲ್ಲ. ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಮಕ್ಕಳ ಹೆಸರು ಕೂತರೆ, ಬಾಯಿಮಾತಿನ ಒಪ್ಪಂದಕ್ಕೆ ಸಾಕ್ಷಿ ಯಾರು? ಎರಡನೆಯದು ಜನರಲ್ ಪವರ್ ಆಫ್ ಅಟಾರ್ನಿ ಮತ್ತು ಕರಾರುಪತ್ರ. ಜಿಪಿಎ ಮೂಲಕ ಮಾಡಿದ 'ಮಾರಾಟ'ದಿಂದ ಮಾಲೀಕತ್ವ ಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಖಡಾಖಂಡಿತವಾಗಿ ಹೇಳಿದ ಮೇಲೂ ಇದು ನಿಲ್ಲಲಿಲ್ಲ. ಮೂರನೆಯದು ನೇರ ದಾರಿ. ಮಾರುವವನಿಂದಲೇ ಮೊದಲು ಕನ್ವರ್ಷನ್ ಮಾಡಿಸಿ, ಆಮೇಲೆ ಕೊಳ್ಳುವುದು. ಕನ್ವರ್ಷನ್ ಆದ ಜಾಗಕ್ಕೆ ಕರಾವಳಿಯಲ್ಲಿ ಇಷ್ಟು ದರ ಬರಲು ಇನ್ನೊಂದು ಕಾರಣವೂ ಉಂಟು. ವಿದೇಶಿ ವಿನಿಮಯ ನಿಯಮದ ಪ್ರಕಾರ ಅನಿವಾಸಿ ಭಾರತೀಯರು ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಗಲ್ಫಿನ ದುಡ್ಡು ಹರಿದುಬರುವ ಊರುಗಳಲ್ಲಿ ಬೇಡಿಕೆಯೆಲ್ಲ ಕನ್ವರ್ಷನ್ ಆದ ತುಂಡುಗಳ ಮೇಲೇ ಬಿತ್ತು.

ಕನ್ವರ್ಷನ್ ಆದರೆ ಮುಗಿಯಲಿಲ್ಲ. ದೊಡ್ಡ ಸರ್ವೆ ನಂಬರಿನಿಂದ 10 ಸೆಂಟ್ಸ್ ಮಾತ್ರ ಕೊಳ್ಳುವುದಾದರೆ ಆ ತುಂಡನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಆಮೇಲೆ ಪಂಚಾಯತಿನ ಆಸ್ತಿ ದಾಖಲೆ, ಫಾರಂ 9 ಮತ್ತು 11ಎ. ಪಂಚಾಯತ್ ಆಸ್ತಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತು ಬಂದ ಮೇಲೆ ಇದಕ್ಕೆ ವಿನ್ಯಾಸ ಅನುಮೋದನೆ ಕಡ್ಡಾಯವಾಗಿ, ಒಂದೇ ಮನೆ ಕಟ್ಟುವವನೂ 'ಸಿಂಗಲ್ ಸೈಟ್' ಅನುಮೋದನೆಗೆಂದು ಜಿಲ್ಲಾ ಕೇಂದ್ರಕ್ಕೆ ಅಲೆಯುವಂತಾಯಿತು. ಊರವರ ಬಾಯಲ್ಲಿ ಇದು 'ನೈನ್ ಇಲೆವೆನ್ ಸಮಸ್ಯೆ'. ಅಪ್ಪನ ಜಾಗದಲ್ಲಿ ಮನೆ ಕಟ್ಟುವ ಮಗನಿಗೂ, ಹೊರಗಿನಿಂದ ಬಂದು ವಿಲ್ಲಾ ಕಟ್ಟುವವರಿಗೂ ಒಂದೇ ಸಾಲು. ಅಲೆಯಲು ಏಜೆಂಟನ್ನು ಇಡುವ ತಾಕತ್ತು ಇಬ್ಬರಿಗೂ ಒಂದೇ ಇರುವುದಿಲ್ಲ.

ಈಗ ಸಿಆರ್‌ಝಡ್. 1991ರ ಫೆಬ್ರವರಿ 19ರ ಅಧಿಸೂಚನೆ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆಯಿಂದ) 500 ಮೀಟರ್‌ವರೆಗೆ ಗೆರೆ ಎಳೆಯಿತು. ಹಳ್ಳಿಗಾಡಿನ ಕಡಲತೀರ ಬರುವುದು ಮೂರನೇ ವಲಯದಲ್ಲಿ. ಮೊದಲ 200 ಮೀಟರ್ ಕಟ್ಟಡ ನಿಷಿದ್ಧ. 200ರಿಂದ 500 ಮೀಟರ್‌ವರೆಗೆ ಸಾಂಪ್ರದಾಯಿಕ ಹಕ್ಕಿನ ಮನೆಗಳಿಗೆ ಅವಕಾಶ. ಎತ್ತರ 9 ಮೀಟರ್, ನೆಲದ ಮೇಲೆ ಒಂದೇ ಮಹಡಿ, ಎಲ್ಲ ಅಂತಸ್ತು ಸೇರಿ ನಿವೇಶನದ ಶೇ 33ರಷ್ಟು ಮಾತ್ರ. ಗಜನಿ (ಉಪ್ಪುನೀರು ಏರುವ ಗದ್ದೆ), ಹಿನ್ನೀರು, ಅಳಿವೆಗಳ ದಡಕ್ಕೂ ಸಿಆರ್‌ಝಡ್ ಅನ್ವಯ. ಕಡಲು ಕಣ್ಣಿಗೆ ಬೀಳದ ಜಾಗವೂ ಸಿಆರ್‌ಝಡ್ ಆಗುವುದು ಹೀಗೆ, ಅಘನಾಶಿನಿ ಬದಿಯಲ್ಲಿ ಕೊಂಡವರು ಇಲ್ಲಿ ಬೇಸ್ತು ಬೀಳುತ್ತಾರೆ. ಭರತರೇಖೆ ಎಂದರೆ ಅಧಿಕೃತ ನಕ್ಷೆಯಲ್ಲಿರುವ ಗೆರೆ. ಮೇ ತಿಂಗಳಲ್ಲಿ ಮರಳು ಅತಿ ಅಗಲ ಇರುವಾಗ ನೀರಿನಂಚಿನಿಂದ ಟೇಪು ಹಿಡಿದು ಅಳೆದರೆ ಸಿಗುವ 210 ಮೀಟರ್‌ಗೆ ಬೆಲೆಯಿಲ್ಲ. ಆ ನಕ್ಷೆಯ ಮೇಲೆ ಸರ್ವೆ ನಂಬರ್ ಕೂರಿಸಿ ನೋಡಬೇಕು.

ನಿಷಿದ್ಧ ಪಟ್ಟಿಯೊಳಗೆ ಮೊದಲೇ ಇದ್ದ ಅಧಿಕೃತ ಕಟ್ಟಡವನ್ನು ದುರಸ್ತಿ ಮಾಡಬಹುದು, ಅದೇ ಪಂಚಾಂಗದ (ತಳಪಾಯದ) ಅಳತೆ ಮೀರದೆ ಮತ್ತೆ ಕಟ್ಟಲೂಬಹುದು ಎಂಬ ಒಂದು ಸಾಲು ಅಧಿಸೂಚನೆಯಲ್ಲಿತ್ತು. ಬೀಗ ಹಾಕಿದ ಮುಂಬೈ ಮನೆಗಳಿಗೆ ಮಾರುಕಟ್ಟೆ ಹುಟ್ಟಿಸಿದ್ದು ಈ ಸಾಲೇ. ಅಲ್ಲಿಯವರೆಗೆ ಮಾಡು ಕುಸಿದ ಹಂಚಿನ ಮನೆ ಎಂದರೆ ಜಾಗಕ್ಕೆ ಅಂಟಿದ ಭಾರ. ಆಮೇಲೆ ಮನೆಗಿಂತ ಅದರ ನಂಬರಿಗೇ ಬೆಲೆ. 1991ಕ್ಕಿಂತ ಹಿಂದಿನ ಪಂಚಾಯತ್ ತೆರಿಗೆ ರಶೀದಿ, ಡಿಮಾಂಡ್ ರಿಜಿಸ್ಟರಿನ ನಕಲು, ಹಳೇ ಕರೆಂಟ್ ಬಿಲ್ಲಿನ ಆರ್‌.ಆರ್‌. ನಂಬರ್ ಇದ್ದರೆ ಕಡಲಿಗೆ 60 ಮೀಟರ್‌ನಲ್ಲೂ ಕಾನೂನುಬದ್ಧ ಮನೆ ಸಾಧ್ಯ. ಇಲ್ಲಿ ಪದೇ ಪದೇ ಆಗುವ ಅನಾಹುತ ಒಂದೇ. ಕೊಂಡವರು ಅನುಮತಿಗೆ ಮುಂಚೆಯೇ ಜೆಸಿಬಿ ತಂದು ಹಳೇ ಮನೆ ನೆಲಸಮ ಮಾಡುತ್ತಾರೆ. ಅಲ್ಲಿಗೆ 'ಇದ್ದ ಕಟ್ಟಡ' ಎಂಬ ಆಧಾರವೇ ಹೋಗಿ, ಉಳಿಯುವುದು ಏನೂ ಕಟ್ಟಲಾಗದ ಖಾಲಿ ಮರಳು. ಮೊದಲು ಅಳತೆ, ಫೋಟೋ, ಪಂಚನಾಮೆ; ನಂತರ ಅನುಮತಿ; ಕೆಡಹುವುದು ಕೊನೆಗೆ. ತಿಳಿದವರು ಒಂದು ಗೋಡೆಯನ್ನಾದರೂ ನಿಲ್ಲಿಸಿಕೊಂಡೇ ಅರ್ಜಿ ಹಾಕುತ್ತಾರೆ.

ಈ ಕಾಲದಲ್ಲಿ ಎದ್ದ ಮನೆಗಳ ಗುಣಮಟ್ಟದ ಬಗ್ಗೆಯೂ ಎರಡು ಮಾತು. ಹಂಚು ಇಳಿಸಿ ಸ್ಲ್ಯಾಬ್ ಹಾಕಿದರು, ಒಳನಾಡಿನ ಲೆಕ್ಕದಲ್ಲೇ: ಎಂ20 ಕಾಂಕ್ರೀಟ್ (ಸಂಖ್ಯೆ ಏರಿದಷ್ಟೂ ಗಟ್ಟಿ), ಕಂಬಿಗೆ 20 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಭಾರತೀಯ ಮಾನಕ ಐಎಸ್ 456 ಕಡಲ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ ಕೇಳುವುದು ಎಂ30 ಮತ್ತು 45 ಮಿ.ಮೀ.; ಅಲೆಯ ಸಿಂಚನ ತಾಗುವಲ್ಲಿ ಎಂ35 ಮತ್ತು 50 ಮಿ.ಮೀ. ಅಳಿವೆಯ ಮರಳನ್ನು ತೊಳೆಯದೆ ಬಳಸಿದರೆ ಉಪ್ಪು ಮೊದಲ ದಿನವೇ ಒಳಗೆ ಕೂತಿರುತ್ತದೆ. ಕಂಬಿ ತುಕ್ಕು ಹಿಡಿದರೆ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ, ಸ್ಲ್ಯಾಬಿನ ಅಡಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮುಚ್ಚಿಟ್ಟ ಮನೆಯಲ್ಲಿ ತೇವ ಆರುವುದೇ ಇಲ್ಲವಾದ್ದರಿಂದ ಇದು ಇನ್ನೂ ಬೇಗ. ಹಂಚಿನ ಮಾಡು ಉಸಿರಾಡುತ್ತಿತ್ತು, ಬೀಗ ಹಾಕಿದರೂ.

2011ರಲ್ಲಿ ಹೊಸ ಅಧಿಸೂಚನೆ ಬಂತು. 100ರಿಂದ 200 ಮೀಟರ್ ನಡುವೆ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯದವರಿಗೆ ಮನೆ ಕಟ್ಟಿಕೊಳ್ಳಲು ದಾರಿಯಾಯಿತು. ದೊಡ್ಡ ತಿರುವು 2019ರ ಜನವರಿಯಿಂದ 2020ರ ಜುಲೈವರೆಗಿನ ಹದಿನೆಂಟು ತಿಂಗಳಲ್ಲಿ. 2019ರ ಸಿಆರ್‌ಝಡ್ ಅಧಿಸೂಚನೆ ಹಳ್ಳಿಗಳನ್ನು ಎರಡಾಗಿ ಒಡೆಯಿತು. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ ನಿಷಿದ್ಧ ಪಟ್ಟಿ 50 ಮೀಟರ್, ಇಲ್ಲದಿದ್ದರೆ ಹಿಂದಿನ 200 ಮೀಟರ್. 'ಇನ್ನು ಬರೀ 50 ಮೀಟರ್' ಎಂಬ ಅರ್ಧ ಮಾತು ಕರಾವಳಿ ತುಂಬ ಹರಡಿತು. ಉತ್ತರ ಕನ್ನಡದ ಸಾಂದ್ರತೆ 140; ಕಡಲ ಬದಿಯ ಒತ್ತಾದ ಊರು ಬಿಟ್ಟರೆ ಅಲ್ಲಿ ಉಳಿದದ್ದು 200 ಮೀಟರೇ. ಮೇಲಾಗಿ ಹೊಸ ನಕ್ಷೆ ಮಂಜೂರಾಗುವವರೆಗೆ 2011ರ ನಿಯಮವೇ ಚಾಲ್ತಿಯಲ್ಲಿತ್ತು. 2019ರ ಬಜೆಟ್ಟಿನಿಂದ ಸ್ವಂತ ವಾಸದ ಎರಡನೇ ಮನೆಗೂ ಕಾಲ್ಪನಿಕ ಬಾಡಿಗೆಯ ಮೇಲಿನ ಆದಾಯ ತೆರಿಗೆ ತಪ್ಪಿತು. ಮರುವರ್ಷ ಕೊರೊನಾ, ಮನೆಯಿಂದಲೇ ಕೆಲಸ. 2020ರ ಜುಲೈನಲ್ಲಿ 79ಎ, 79ಬಿ ಎರಡನ್ನೂ ತೆಗೆದುಹಾಕುವ ಸುಗ್ರೀವಾಜ್ಞೆ, ಅದೂ 1974ರಿಂದಲೇ ಇರಲಿಲ್ಲವೆಂಬಂತೆ ಪೂರ್ವಾನ್ವಯವಾಗಿ. ಉಪವಿಭಾಗಾಧಿಕಾರಿಗಳ ಮುಂದಿದ್ದ ಪ್ರಕರಣಗಳೂ ಅಲ್ಲಿಗೆ ಮುಗಿದವು. ಕಾಲುದಾರಿ ಹಿಡಿದವರಿಗೆ ಬಿಡುಗಡೆ, ಕಾನೂನು ನಂಬಿ ಕೊಳ್ಳದೆ ಕೂತವರಿಗೆ ಏರಿದ ದರ.

ಬಾಗಿಲು ತೆರೆದ ಮೇಲೆ ಬಂದ ಖರೀದಿಯ ಮಾದರಿ ಬೇರೆ. 20 ಗುಂಟೆ ಕೃಷಿ ಜಮೀನು ಕೊಂಡರೆ ಹಿಡುವಳಿಯ ಶೇ 10ರಷ್ಟರಲ್ಲಿ, ಅಂದರೆ 2 ಗುಂಟೆಯಲ್ಲಿ, ಕನ್ವರ್ಷನ್ ಇಲ್ಲದೆ ತೋಟದ ಮನೆ ಕಟ್ಟಬಹುದು. ಸಿಆರ್‌ಝಡ್ ಒಳಗೆ ಅನುಮತಿಗೆ ಅರ್ಹವಾದ ಜಾಗದಲ್ಲಿ ಸ್ವಂತ ವಾಸಕ್ಕೆ 300 ಚದರ ಮೀಟರ್‌ವರೆಗಿನ ಮನೆಗೆ, ಅಂದರೆ ಸುಮಾರು 3,200 ಚದರಡಿಗೆ, ಕರಾವಳಿ ವಲಯ ಪ್ರಾಧಿಕಾರದ ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯ ಒಪ್ಪಿಗೆ ಸಾಕು. ಎರಡು ರಿಯಾಯಿತಿಯೂ ನ್ಯಾಯವಾದದ್ದೇ, ವಾಸ ಮಾಡುವವರಿಗೆ. ಅದೇ ನಕ್ಷೆ ಕೊಟ್ಟು ನಾಲ್ಕು ಕೋಣೆ, ನಾಲ್ಕು ಬಚ್ಚಲು, ಒಂದು ಈಜುಕೊಳ ಕಟ್ಟಿ ಆ್ಯಪ್‌ನಲ್ಲಿ ರಾತ್ರಿ ಲೆಕ್ಕಕ್ಕೆ ಬಿಟ್ಟರೆ ಅದು ತೋಟದ ಮನೆಯೂ ಅಲ್ಲ, ಸ್ವಂತ ವಾಸವೂ ಅಲ್ಲ. ಇದ್ದ ಮನೆಯ ಅಳತೆ, ವಿನ್ಯಾಸ, ಮುಖ ಬದಲಿಸದೆ ಸ್ಥಳೀಯರು ಹೋಂಸ್ಟೇ ನಡೆಸಲಿ ಎಂದು ಅಧಿಸೂಚನೆ ಹೇಳುತ್ತದೆ. ಇಲ್ಲಿ ಸ್ಟೇ ಮಾತ್ರ ಇದೆ, ಹೋಂ ಇಲ್ಲ. ಕೀಲಿಕೈಯೂ ಪಕ್ಕದ ಮನೆಯಲ್ಲಿಲ್ಲ. ಬಾಗಿಲಿಗೆ ನಂಬರ್ ಒತ್ತುವ ಬೀಗ.

ಬೇಲಿಯ ಮಾತೂ ಬದಲಾಯಿತು. ಹಿಂದೆ ತೋಟದಿಂದ ತೋಟಕ್ಕೆ ತಡಮೆ ದಾಟಿ ಕಡಲಿಗೆ ಹೋಗುತ್ತಿದ್ದರು. ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಬಲೆ) ಎಳೆಯುವವರಿಗೆ ಬಲೆ ಹರಡಲು, ದೋಣಿ ಏರಿಸಲು ಮರಳಿನ ಪಟ್ಟಿ ಬೇಕು, ಅಲ್ಲಿಗೆ ಮೀನಿನ ಬುಟ್ಟಿ ಹೊತ್ತು ಓಡಾಡಲು ದಾರಿ ಬೇಕು. ಈ ದಾರಿಗಳು ಪಹಣಿಯಲ್ಲೂ ಇಲ್ಲ, ನಕ್ಷೆಯಲ್ಲೂ ಇಲ್ಲ. 20 ವರ್ಷ ಅಡೆತಡೆಯಿಲ್ಲದೆ ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ರಕ್ಷಣೆ ಇದೆ, ಆದರೆ ಅದನ್ನು ಕೋರ್ಟಿಗೆ ಹೋಗಿ ಸಾಧಿಸಬೇಕು. ಕಂಪೌಂಡು ಏಳಲು ಒಂದು ವಾರ ಸಾಕು. ನಾಗಬನವಿರುವ ಜಾಗದ ವಿಷಯದಲ್ಲಿ ತುಳುನಾಡಿನ ಕುಟುಂಬಗಳು ಹೆಚ್ಚು ಹುಷಾರು. ಬನವನ್ನು ಬಿಟ್ಟು ಉಳಿದದ್ದನ್ನು ಮಾರುತ್ತಾರೆ, ನಾಗರಪಂಚಮಿಗೆ ತನು ಎರೆಯಲು, ತಂಬಿಲಕ್ಕೆ ಬಂದುಹೋಗುವ ದಾರಿಯನ್ನು ಅಡಿ ಲೆಕ್ಕದಲ್ಲಿ ಕ್ರಯಪತ್ರದೊಳಗೇ ಬರೆಸುತ್ತಾರೆ. ಕಡಲಿಗೆ ಹೋಗುವ ದಾರಿಗೂ ಯಾರಾದರೂ ಹೀಗೆ ಬರೆಸಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಕಾಗದಪತ್ರದಲ್ಲಿ ಎಲ್ಲಿಯೂ ಬರದ, ಆದರೆ ಈಗ ಮರುಮಾರಾಟಕ್ಕೆ ಬಂದಾಗ ತಿಳಿದವರು ಮೊದಲು ಕೇಳುವ ಸಂಗತಿ ನೀರು. ಮರಳಿನ ಪಟ್ಟಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಪೊರೆ. ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಬಾವಿಯ ನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಎಂಬುದು ಲೆಕ್ಕ. ಮೇಲಿನಿಂದ ಅರ್ಧ ಮೀಟರ್ ಎಳೆದರೆ ಕೆಳಗಿನಿಂದ ಉಪ್ಪು 20 ಮೀಟರ್ ಏರಲು ಹವಣಿಸುತ್ತದೆ. ಕೊಡದಲ್ಲಿ ಸೇದುವ ಬಾವಿಗೆ ಇದು ತಟ್ಟುತ್ತಿರಲಿಲ್ಲ. ಈಜುಕೊಳ ತುಂಬಿಸುವ ಪಂಪಿಗೆ ತಟ್ಟುತ್ತದೆ, ಪಕ್ಕದ ಮನೆಯ ಬಾವಿಗೂ ತಟ್ಟುತ್ತದೆ. ಉಪ್ಪಿಗೆ ಸರ್ವೆ ನಂಬರ್ ಗೊತ್ತಿಲ್ಲ. ಒಮ್ಮೆ ಉಪ್ಪಾದ ಬಾವಿ ಒಂದು ಮಳೆಗಾಲಕ್ಕೆ ಸರಿಹೋಗುವುದು ಅಪರೂಪ. ಇಂಗುಗುಂಡಿಯಿಂದ ಬಾವಿಗೆ 15ರಿಂದ 18 ಮೀಟರ್ ಅಂತರ ಬೇಕೆಂಬುದೂ 5 ಸೆಂಟ್ಸಿನ ತುಂಡುಗಳಲ್ಲಿ, ಅಕ್ಕಪಕ್ಕದವರ ಬಾವಿ ಸೇರಿಸಿ ನೋಡಿದರೆ, ಹೊಂದುವುದೇ ಇಲ್ಲ.

ಹಾಗಾಗಿ ಜಾಗ ನೋಡಲು ಡಿಸೆಂಬರಿನಲ್ಲಿ ಬನ್ನಿ ಎಂದರೆ ಹೋಗಬೇಕಾದದ್ದು ಏಪ್ರಿಲ್ ಕೊನೆಗೆ. ಬಾವಿಯ ಪಂಪನ್ನು ಎರಡು ತಾಸು ಓಡಿಸಿ, ಆಮೇಲೆ ಬಾಟಲಿ ಹಿಡಿದು ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) ಅಳೆಯಬೇಕು. ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 2,000ದವರೆಗೆ. ಮೀಟರ್ ಇಲ್ಲದಿದ್ದರೆ ಆ ನೀರಲ್ಲಿ ಚಹಾ ಮಾಡಿಸಿ ನೋಡಬಹುದು, ಹಾಲು ಒಡೆಯುವಷ್ಟು ಉಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗೇಟಿನ ಪಕ್ಕದ ಮಣ್ಣಿನಲ್ಲಿ ಟ್ಯಾಂಕರ್ ಲಾರಿಯ ಚಕ್ರದ ಗುರುತು ಇದೆಯೇ ಎಂದು ಒಳಗೆ ಹೋಗುವ ಮುಂಚೆಯೇ ನೋಡಿಕೊಳ್ಳುವವರೂ ಇದ್ದಾರೆ.