ಮೊದಲು ದನದ ದೊಡ್ಡಿ, ಆಮೇಲೆ ಊರು: ನವಶಿಲಾಯುಗದ ಟಿಪ್ಪಣಿ

ನವಶಿಲಾಯುಗದಲ್ಲಿ, ಅಂದರೆ ಕಲ್ಲನ್ನು ಉಜ್ಜಿ ನಯ ಮಾಡಿ ಆಯುಧ ಮಾಡುತ್ತಿದ್ದ ಕಾಲದಲ್ಲಿ, ಜನ ಬೇಸಾಯ ಕಲಿತರು, ಹೊಲ ಬಿಟ್ಟು ಹೋಗಲಾಗದೆ ನೆಲೆನಿಂತರು, ಊರು ಹುಟ್ಟಿತು. ಪರೀಕ್ಷೆಯಲ್ಲಿ ನಾವೆಲ್ಲ ಬರೆಯುವುದು ಇಷ್ಟೇ ಅಲ್ವಾ? ಈಗಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಆ ಕಾಲದ ನೆಲೆ ಮೆಹರ್‌ಗಢಕ್ಕೆ ಈ ಉತ್ತರ ಬಹುಮಟ್ಟಿಗೆ ಸರಿ. ಅಲ್ಲಿ ಬಾರ್ಲಿ, ಗೋಧಿಯ ಜೊತೆಗೇ ಹಸಿ ಇಟ್ಟಿಗೆಯ ಮನೆಗಳೂ ಸಿಕ್ಕಿವೆ. ಆದರೆ ರಾಯದುರ್ಗ, ಆದೋನಿ, ಬಳ್ಳಾರಿ ಸುತ್ತಿನ ನಮ್ಮ ಸೀಮೆಯಲ್ಲಿ ಈ ಕ್ರಮ ಅಷ್ಟು ಸಲೀಸಾಗಿಲ್ಲ.

ಇಲ್ಲಿ ಮೊದಲು ತಿಳಿಯಬೇಕಾದ್ದು ಬೂದಿದಿಬ್ಬ, ಅಂದರೆ ಆ ಕಾಲದಿಂದ ಉಳಿದ ಬೂದಿಯ ದೊಡ್ಡ ಗುಡ್ಡೆ. ಅನಂತಪುರ ಜಿಲ್ಲೆಯ ಪಾಲವಾಯಿಯಲ್ಲಿದೆ, ಗಡಿಯ ಆಚೆ ಕರ್ನಾಟಕದ ಕುಡತಿನಿಯಲ್ಲೂ ಇದೆ. ಕುಡತಿನಿಯದು ಭೀಮ ಕೊಂದ ಹಿಡಿಂಬನ ಬೂದಿ ಅಂತ ಜನ ಹೇಳುತ್ತಾರೆ. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಅವರು ಈಗ ತೆಲಂಗಾಣದಲ್ಲಿರುವ ಉತ್ನೂರಿನ ದಿಬ್ಬ ಅಗೆದರು. ಪದರಗಳಲ್ಲಿ ದನದ ಗೊರಸಿನ ಗುರುತುಗಳಿದ್ದವು. ಸುತ್ತ ಬೇಲಿಗೆ ಕಂಬ ನೆಟ್ಟ ಗುಳಿಗಳೂ ಇದ್ದವು. ಅಂದರೆ ಅದು ದನದ ದೊಡ್ಡಿ! ಸಗಣಿ ಗುಡ್ಡೆ ಬಿದ್ದು, ಅದಕ್ಕೆ ಮತ್ತೆ ಮತ್ತೆ ಬೆಂಕಿ ಇಟ್ಟು ದಿಬ್ಬ ಬೆಳೆದಿದೆ. ಬೆಂಕಿ ಯಾಕೆ? ದನಗಳಿಗೆ ಸಂಬಂಧಿಸಿದ ಹಬ್ಬಕ್ಕಿರಬೇಕು ಎಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಇದು ತೀರಾ ವಿಚಿತ್ರ ಅನಿಸದು.

ಈ ದಿಬ್ಬಗಳ ಕಾಲ ನೆನಪಿಡಿ: ಕ್ರಿ.ಪೂ. 3000ದ ಸುಮಾರಿನಿಂದ. ಶುರುವಿನಲ್ಲಿ ಜನ ದನ ಹೊಡೆದುಕೊಂಡು ಮೇವು, ನೀರು ಹುಡುಕುತ್ತಾ ತಿರುಗಿರಬಹುದು, ದೊಡ್ಡಿಗೆ ಮಾತ್ರ ಮತ್ತೆ ಮತ್ತೆ ಬಂದಿದ್ದಾರೆ. ಹೀಗಾಗಿ ಒಂದು ಜಾಗದ ನಂಟನ್ನು ಮೊದಲು ಬೆಸೆದದ್ದು ಹೊಲವಲ್ಲ, ದನ ಅಂತ ನನಗನಿಸುತ್ತದೆ.

ಇನ್ನು ಬೆಳೆ. ಬಳ್ಳಾರಿ ಹತ್ತಿರದ ಸಂಗನಕಲ್ಲು ಮುಂತಾದ ಕಡೆ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಎಂಬ ಕಿರುಧಾನ್ಯ ಮುಖ್ಯ. ಇವು ಮುಂಗಾರು ಮಳೆಗೇ ಬರುವ ಬೆಳೆಗಳು, ನೀರಾವರಿ ಬೇಡ. ಗೋಧಿ, ಬಾರ್ಲಿ ಉತ್ತರದಿಂದ ಆಮೇಲೆ ಬಂದವು, ಅದೂ ಸ್ವಲ್ಪ. ಚಳಿಗಾಲದ ಆ ಬೆಳೆಗಳು ನಮ್ಮ ಒಣ ನೆಲಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಸುಮ್ನೆ "ಗೋಧಿ ಬೆಳೆದರು" ಅಂತ ಬರೆದುಬಿಡಬೇಡಿ.

ಕಾಳು ಬೆಳೆದರೆ ಕೂಡಿಡಬೇಕು, ಬೀಜ ಉಳಿಸಬೇಕು, ಇಲಿಯಿಂದ ಕಾಯಬೇಕು. ಕಾಳು ಅರೆಯುವ ಕಲ್ಲು ಹೊತ್ತು ಅಲೆಯುವುದಂತೂ ಆಗದ ಮಾತು. ಕ್ರಿ.ಪೂ. 2000ದ ಆಚೀಚೆಯಿಂದ ಬೆಟ್ಟಗಳ ಮೇಲೆ, ಬುಡದಲ್ಲಿ ಕಾಯಂ ಊರುಗಳು ಜಾಸ್ತಿಯಾದವು. ದುಂಡನೆಯ ಗುಡಿಸಲುಗಳು ಬಂದವು. ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು.

ಸಮಾಜ ಬೆಳೆದದ್ದಕ್ಕೆ ಒಳ್ಳೆಯ ಸಾಕ್ಷಿ ಸಂಗನಕಲ್ಲಿನ ಹಿರೇಗುಡ್ಡ. ಅಲ್ಲಿನ ಕರಿಕಲ್ಲನ್ನು ಒಡೆದು, ಉಜ್ಜಿ, ನಯ ಮಾಡಿ ಕೊಡಲಿ ತಯಾರಿಸುತ್ತಿದ್ದರು. ಒಡೆದ ಚೂರುಗಳೇ ರಾಶಿ ರಾಶಿ ಸಿಕ್ಕಿವೆ. ಇಷ್ಟು ಕೆಲಸ ಒಂದು ಊರಿನ ಬಳಕೆಗೆ ಮಾತ್ರ ನಡೆಯುವುದಿಲ್ಲ, ಬೇರೆ ಊರುಗಳಿಗೂ ಕೊಡಲಿ ಹೋಗುತ್ತಿತ್ತು.